ದಾರ, ಕೋಲು, ಕೈವಾರ: ಮರಗೆಲಸದಲ್ಲಿ ದೀರ್ಘವೃತ್ತ ಬೆಳೆದು ಬಂದ ದಾರಿ

ವೃತ್ತ ಬರೆಯಲು ಒಂದೇ ಅಳತೆ ಸಾಕು. ಕೈವಾರದ ಎರಡು ಕಾಲುಗಳ ನಡುವಿನ ಅಂತರ ಕದಲದಿದ್ದರೆ ಗೆರೆ ತಾನು ಹೊರಟ ಜಾಗಕ್ಕೇ ಬಂದು ಸೇರುತ್ತದೆ. ದೀರ್ಘವೃತ್ತಕ್ಕೆ ಆ ಸೌಕರ್ಯವಿಲ್ಲ. ಅದರ ಬಾಗು ಹೆಜ್ಜೆಹೆಜ್ಜೆಗೂ ಬದಲಾಗುತ್ತದೆ. 40 ಇಂಚು ಉದ್ದ, 32 ಇಂಚು ಅಗಲದ ಒಂದು ಮೇಜಿನ ಹಲಗೆಯನ್ನು ತೆಗೆದುಕೊಳ್ಳೋಣ. ಉದ್ದದ ತುದಿಯಲ್ಲಿ ಅದರ ಅಂಚು 12.8 ಇಂಚು ತ್ರಿಜ್ಯದ ವೃತ್ತದಷ್ಟು ಬಿಗಿಯಾಗಿ ಬಾಗಿರಬೇಕು. ಅಗಲದ ಬದಿಗೆ ಬಂದಾಗ 25 ಇಂಚು ತ್ರಿಜ್ಯದ ವೃತ್ತದಷ್ಟು ಸಡಿಲವಾಗಿರಬೇಕು. ಈ ಎರಡರ ನಡುವೆ ಬಾಗು ಎಲ್ಲೂ ಮುಗ್ಗರಿಸದೆ, ಎಲ್ಲೂ ನಿಲ್ಲದೆ ಬದಲಾಗುತ್ತ ಹೋಗಬೇಕು. ಸಾಮಾನ್ಯ ಕೈವಾರದಿಂದ ಇದು ಆಗುವ ಕೆಲಸವಲ್ಲ.

ಹಾಗಿದ್ದರೂ ಮೇಜಿನ ಹಲಗೆ, ಕನ್ನಡಿಯ ಚೌಕಟ್ಟು, ಬಾಗಿಲ ಮೇಲಿನ ಕಮಾನು, ಮೆಟ್ಟಿಲಿನ ಕೈಪಿಡಿಗಂಬಿ ಎಂದು ಮರದಲ್ಲಿ ಈ ಆಕಾರ ಮತ್ತೆ ಮತ್ತೆ ಬಂದಿದೆ. ಅದನ್ನು ಕೈಯಿಂದ ಬರೆಯುವ ವಿಧಾನಗಳು ಎರಡು ಸಾವಿರ ವರ್ಷಗಳ ಉದ್ದಕ್ಕೂ ಒಂದೊಂದಾಗಿ ಹುಟ್ಟಿವೆ. ಹಳೆಯದನ್ನು ಹೊಸದು ಅಳಿಸಿ ಹಾಕಲಿಲ್ಲ ಎಂಬುದು ಈ ಚರಿತ್ರೆಯ ವಿಶೇಷ. ಪ್ರತಿ ವಿಧಾನವೂ ದೀರ್ಘವೃತ್ತದ ಒಂದೊಂದು ಗುಣವನ್ನು ಹಿಡಿದುಕೊಂಡು ನಿಂತಿದೆ, ಒಂದೊಂದು ಬಗೆಯ ತಪ್ಪಿಗೆ ದಾರಿ ಬಿಡುತ್ತದೆ. ಆ ಗುಣವನ್ನು ಬಲ್ಲ ಕೈಗೆ ಸಾಧಾರಣ ಸಾಧನದಿಂದಲೂ ನಿಖರವಾದ ಗೆರೆ ಸಿಗುತ್ತದೆ. ಬರಿಯ ಕ್ರಮವನ್ನು ಬಾಯಿಪಾಠ ಮಾಡಿದ ಕೈಗೆ ದುಬಾರಿ ಸಾಧನವೂ ಮೋಸ ಮಾಡುತ್ತದೆ. ಈ ಸಮೀಕ್ಷೆಯಲ್ಲಿ ವಿಧಾನಗಳನ್ನು ಅವು ಹುಟ್ಟಿದ ಕಾಲದ ಜೊತೆಗೆ, ಅವುಗಳ ತಪ್ಪಿನ ಜೊತೆಗೆ ನೋಡುತ್ತ ಹೋಗೋಣ.

ಶಂಕುವಿನಿಂದ ದಾರಕ್ಕೆ

ದೀರ್ಘವೃತ್ತ ಮೊದಲು ಕಾಣಿಸಿಕೊಂಡದ್ದು ಗ್ರೀಕ್ ಜ್ಯಾಮಿತಿಯಲ್ಲಿ. ಕ್ರಿ.ಪೂ. ನಾಲ್ಕನೇ ಶತಮಾನದ ಮೆನೈಕ್ಮಸ್ ಶಂಕುವನ್ನು ಸೀಳಿದಾಗ ಸಿಗುವ ರೇಖೆಗಳನ್ನು ಒಂದು ಹಳೆಯ ಸಮಸ್ಯೆಗೆ ಬಳಸಿಕೊಂಡ. ಘನವೊಂದರ ಗಾತ್ರವನ್ನು ಇಮ್ಮಡಿ ಮಾಡುವುದು ಹೇಗೆ ಎಂಬುದು ಆ ಸಮಸ್ಯೆ. ಕ್ರಿ.ಪೂ. 200ರ ಸುಮಾರಿನಲ್ಲಿ ಪೆರ್ಗದ ಅಪೊಲೋನಿಯಸ್ ಈ ರೇಖೆಗಳ ಬಗ್ಗೆ ಎಂಟು ಭಾಗಗಳ ಗ್ರಂಥ ಬರೆದ. ಅದರ ಮೊದಲ ನಾಲ್ಕು ಭಾಗ ಗ್ರೀಕಿನಲ್ಲಿ ಉಳಿದಿವೆ, ಮುಂದಿನ ಮೂರು ಅರಬ್ಬಿ ಅನುವಾದದಲ್ಲಿ ಉಳಿದಿವೆ, ಎಂಟನೆಯದು ಕಳೆದುಹೋಗಿದೆ. ಗಣಿತಕ್ಕೆ ಅದು ಆಳವಾದ ಕೃತಿ. ಆದರೆ ಹಲಗೆಯ ಮುಂದೆ ಪೆನ್ಸಿಲ್ ಹಿಡಿದು ನಿಂತವನು ಶಂಕು ಸೀಳುತ್ತ ಕೂರಲಾರ. ಅವನಿಗೆ ಚಪ್ಪಟೆ ಮೇಲ್ಮೈಯಲ್ಲೇ ಕೆಲಸ ಮಾಡುವ ಉಪಾಯ ಬೇಕು.

ಆ ಉಪಾಯ ನಮಗೆ ಬರಹದಲ್ಲಿ ಸಿಗುವುದು ಒಬ್ಬ ಕಟ್ಟಡಗಾರನ ಕೈಯಿಂದ. ಆರನೇ ಶತಮಾನದ ಟ್ರಾಲೆಸ್‌ನ ಆಂಥೆಮಿಯಸ್ ಕಾನ್‌ಸ್ಟಾಂಟಿನೋಪಲ್‌ನ ಹೇಗಿಯಾ ಸೋಫಿಯಾ ಕಟ್ಟಡದ ಇಬ್ಬರು ಶಿಲ್ಪಿಗಳಲ್ಲಿ ಒಬ್ಬ. ಸೂರ್ಯಕಿರಣವನ್ನು ಒಂದು ಬಿಂದುವಿಗೆ ತರುವ ಕನ್ನಡಿಗಳ ಬಗ್ಗೆ ಬರೆಯುತ್ತ ಅವನು ಎರಡು ಗೂಟಗಳ ಸುತ್ತ ದಾರ ಹಾಕಿ ದೀರ್ಘವೃತ್ತ ಬರೆಯುವ ಕ್ರಮವನ್ನು ವಿವರಿಸಿದ. ಒಂಬತ್ತನೇ ಶತಮಾನದ ಬಾಗ್ದಾದಿನಲ್ಲಿ ಬನು ಮೂಸಾ ಸೋದರರಿಗೂ ಈ ದಾರದ ವಿಧಾನ ಗೊತ್ತಿತ್ತು. ಅದರ ಹಿಂದಿನ ಗುಣ ಬಹಳ ಸರಳ. ದೀರ್ಘವೃತ್ತದ ಮೇಲಿನ ಯಾವ ಬಿಂದುವಿನಿಂದಲೇ ಆಗಲಿ, ಒಳಗಿನ ಎರಡು ನಾಭಿಗಳಿಗೆ ಇರುವ ದೂರಗಳನ್ನು ಕೂಡಿದರೆ ಮೊತ್ತ ಒಂದೇ. ಆ ಮೊತ್ತ ಉದ್ದದ ಅಕ್ಷಕ್ಕೆ ಸಮ.

ನಮ್ಮ ಮೇಜಿನಲ್ಲಿ ಅದನ್ನು ಮಾಡಿ ನೋಡೋಣ. ಹಲಗೆಯ ಮಧ್ಯದಲ್ಲಿ ಒಂದಕ್ಕೊಂದು ನೇರ ಮೂಲೆಯಲ್ಲಿ ಎರಡು ಗೆರೆ ಎಳೆಯಬೇಕು, 40 ಇಂಚಿನದು ಒಂದು, 32 ಇಂಚಿನದು ಒಂದು. ಉದ್ದದ ಅರ್ಧವಾದ 20 ಇಂಚನ್ನು ಅಳತೆಪಟ್ಟಿಯಲ್ಲಿ ಹಿಡಿದು, ಅಗಲದ ಗೆರೆಯ ತುದಿಯಿಂದ ಉದ್ದದ ಗೆರೆಯನ್ನು ಎರಡೂ ಕಡೆ ಕಡಿದರೆ ಅಲ್ಲಿ ನಾಭಿಗಳು. 20, 16, 12 ಇಂಚಿನ ಬದಿಗಳು ಸೇರಿ ಲಂಬಕೋನ ತ್ರಿಭುಜವಾಗುವುದರಿಂದ ಪ್ರತಿ ನಾಭಿಯೂ ಮಧ್ಯದಿಂದ ಸರಿಯಾಗಿ 12 ಇಂಚು ದೂರದಲ್ಲಿ ಬೀಳುತ್ತದೆ. ಅಲ್ಲಿ ಎರಡು ಮೊಳೆ ಹೊಡೆದು, ಸುತ್ತಳತೆ 64 ಇಂಚು ಬರುವಂತೆ ದಾರದ ಬಳೆ ಕಟ್ಟಿ, ಅದನ್ನು ಮೊಳೆಗಳ ಸುತ್ತ ಹಾಕಿ ಪೆನ್ಸಿಲ್‌ನಿಂದ ಬಿಗಿಯಾಗಿ ಎಳೆದು ಸುತ್ತಬೇಕು. ದಾರದ ಎರಡು ತುದಿಗಳನ್ನು ಎರಡು ಮೊಳೆಗಳಿಗೆ ಕಟ್ಟುವುದಕ್ಕಿಂತ ಬಳೆ ಮಾಡುವುದು ಮೇಲು. ಕಟ್ಟಿದ ದಾರವನ್ನು ಅರ್ಧ ಸುತ್ತಿಗೆ ಮೊಳೆಯ ಮೇಲಿಂದ ಎತ್ತಿ ಆಚೆ ಹಾಕಬೇಕಾಗುತ್ತದೆ, ಗೆರೆ ಅಲ್ಲೇ ತುಂಡಾಗುತ್ತದೆ.

ದಾರದ ವಿಧಾನದ ದೊಡ್ಡ ಶತ್ರು ಹಿಗ್ಗುವಿಕೆ. ದಾರ ಕಾಲಿಂಚಿನ ಅರ್ಧದಷ್ಟು, ಅಂದರೆ 1/8 ಇಂಚು ಹಿಗ್ಗಿತು ಅನ್ನೋಣ. ಉದ್ದದ ತುದಿಯಲ್ಲಿ ಗೆರೆ 1/16 ಇಂಚು ಆಚೆ ಹೋಗುತ್ತದೆ. ಅಗಲದ ಬದಿಯಲ್ಲಿ ತಪ್ಪು ಅಷ್ಟಕ್ಕೇ ನಿಲ್ಲುವುದಿಲ್ಲ. ಉದ್ದಕ್ಕೂ ಅಗಲಕ್ಕೂ ಇರುವ ಅನುಪಾತದಷ್ಟು ಅದು ಹೆಚ್ಚುತ್ತದೆ. ನಮ್ಮ ಮೇಜಿನಲ್ಲಿ ಅದು ಒಂದೂಕಾಲು ಪಟ್ಟು ಮಾತ್ರ, ಹಾಗಾಗಿ ಸಹಿಸಬಹುದು. ಆದರೆ 40 ಇಂಚು ಉದ್ದ, 10 ಇಂಚು ಅಗಲದ ಕಿರಿದಾದ ಹಲಗೆಯಲ್ಲಿ ಅದೇ ಹಿಗ್ಗು ಒಂದೊಂದು ಬದಿಯಲ್ಲೂ ಸುಮಾರು ಕಾಲಿಂಚು ತಪ್ಪಾಗುತ್ತದೆ. ಹಾಗಾಗಿ ಆಕಾರ ಕಿರಿದಾದಷ್ಟೂ ದಾರವನ್ನು ನಂಬುವುದು ಕಡಿಮೆಯಾಗಬೇಕು. ನೈಲಾನ್ ದಾರದ ಬದಲು ತೆಳು ತಂತಿ ಬಳಸುವುದು, ಪೆನ್ಸಿಲ್‌ನ ತುದಿಯ ಹತ್ತಿರ ಸಣ್ಣ ಕಚ್ಚು ಮಾಡಿ ದಾರ ಮೇಲಕ್ಕೆ ಜಾರದಂತೆ ಹಿಡಿಯುವುದು, ಪೆನ್ಸಿಲ್ ವಾಲದಂತೆ ನೋಡಿಕೊಳ್ಳುವುದು, ಇವೆಲ್ಲ ಈ ತಪ್ಪನ್ನು ತಗ್ಗಿಸುವ ದಾರಿಗಳು. ತೋಟದ ಪಾತಿಗೆ ಈ ವಿಧಾನ ಸಾಕೋ ಸಾಕು. ಜೋಡಣೆ ಕೂಡಬೇಕಾದ ಮರದ ಕೆಲಸಕ್ಕೆ ಇಷ್ಟು ಎಚ್ಚರ ಬೇಕೇ ಬೇಕು.

ದಾರಕ್ಕೆ ಇನ್ನೊಂದು ಅಧ್ಯಾಯವೂ ಇದೆ. ಎಡಿನ್‌ಬರೋದ ಅಲಂಕಾರ ಕಲಾವಿದ ಡಿ. ಆರ್. ಹೇ ಅಂಡಾಕಾರಗಳನ್ನು ಬರೆಯುವ ಬಗೆ ಹುಡುಕುತ್ತಿದ್ದ ಕಾಲದಲ್ಲಿ ಅದೇ ಊರಿನ 14 ವರ್ಷದ ಹುಡುಗನೊಬ್ಬ ದಾರವನ್ನು ಒಂದು ಮೊಳೆಗೆ ಎರಡು ಮೂರು ಸುತ್ತು ಹಾಕಿದರೆ ಏನಾಗುತ್ತದೆ ಎಂದು ನೋಡಿದ. ಒಂದು ನಾಭಿಯ ಕಡೆಗೆ ಚೂಪಾದ ಹೊಸ ಅಂಡಾಕಾರಗಳು ಬಂದವು. 1846ರಲ್ಲಿ ಆ ಪ್ರಬಂಧವನ್ನು ಎಡಿನ್‌ಬರೋದ ರಾಯಲ್ ಸೊಸೈಟಿಯಲ್ಲಿ ಅವನ ಪರವಾಗಿ ಪ್ರೊಫೆಸರ್ ಜೇಮ್ಸ್ ಫೋರ್ಬ್ಸ್ ಓದಿದರು. ಆ ಹುಡುಗ ಮುಂದೆ ವಿದ್ಯುತ್ಕಾಂತೀಯ ಸಿದ್ಧಾಂತ ಕೊಟ್ಟ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಅಲಂಕಾರ ಕೆಲಸದ ಪ್ರಶ್ನೆಯೊಂದು ಭೌತವಿಜ್ಞಾನಿಯ ಮೊದಲ ಪ್ರಬಂಧವಾದದ್ದು ಹೀಗೆ.

ಕೋಲಿನ ಮೇಲೆ ಎರಡು ಗುರುತು

ದಾರದ ದೋಷ ಇಲ್ಲದ ವಿಧಾನವೂ ಅಷ್ಟೇ ಹಳೆಯದು. ಐದನೇ ಶತಮಾನದ ಪ್ರೊಕ್ಲಸ್ ಯೂಕ್ಲಿಡ್‌ನ ಮೊದಲ ಪುಸ್ತಕಕ್ಕೆ ಬರೆದ ವ್ಯಾಖ್ಯಾನದಲ್ಲಿ ಒಂದು ಮಾತು ಬರುತ್ತದೆ. ಒಂದಕ್ಕೊಂದು ಲಂಬವಾದ ಎರಡು ಗೆರೆಗಳ ಮೇಲೆ ತನ್ನ ಎರಡು ತುದಿಗಳನ್ನು ಇಟ್ಟುಕೊಂಡು ಜಾರುವ ಕೋಲಿನ ನಡುಬಿಂದು ವೃತ್ತ ಬರೆಯುತ್ತದೆ, ಉಳಿದ ಬಿಂದುಗಳು ದೀರ್ಘವೃತ್ತ ಬರೆಯುತ್ತವೆ. ಇಂದು ಟ್ರ್ಯಾಮಲ್ ಎಂದು ಕರೆಯುವ ಸಾಧನದ ತತ್ತ್ವವೆಲ್ಲ ಇದೇ. ಅದಕ್ಕೆ ಆರ್ಕಿಮಿಡೀಸನ ಹೆಸರು ಅಂಟಿಕೊಂಡಿದೆಯಾದರೂ ಅವನು ಅದನ್ನು ಮಾಡಿದ ಎನ್ನಲು ಆಧಾರವಿಲ್ಲ.

ಮರಗೆಲಸದ ಮೇಜಿನ ಮೇಲೆ ಇದಕ್ಕೆ ಬೇಕಾದದ್ದು ಒಂದು ನೇರವಾದ ಪಟ್ಟಿ ಮಾತ್ರ. ಪಟ್ಟಿಯ ತುದಿಯಿಂದ 16 ಇಂಚಿಗೆ ಒಂದು ಗುರುತು, 20 ಇಂಚಿಗೆ ಇನ್ನೊಂದು. 16ರ ಗುರುತು ಯಾವಾಗಲೂ ಉದ್ದದ ಅಕ್ಷದ ಮೇಲಿರಬೇಕು, 20ರ ಗುರುತು ಯಾವಾಗಲೂ ಅಗಲದ ಅಕ್ಷದ ಮೇಲಿರಬೇಕು. ಹಾಗೆ ಕೂರಿಸಿದಾಗ ಪಟ್ಟಿಯ ತುದಿ ಎಲ್ಲಿ ಬರುತ್ತದೋ ಅಲ್ಲಿ ಒಂದು ಚುಕ್ಕೆ. ಪಟ್ಟಿಯನ್ನು ಸ್ವಲ್ಪ ತಿರುಗಿಸಿ ಮತ್ತೆ ಎರಡೂ ಗುರುತುಗಳನ್ನು ಗೆರೆಗೆ ಕೂರಿಸಿ ಇನ್ನೊಂದು ಚುಕ್ಕೆ. ಇಂಚಿಗೊಂದರಂತೆ ಚುಕ್ಕೆ ಇಡುತ್ತ ಹೋದರೆ ಆಕಾರ ಕಣ್ಣಮುಂದೆ ಮೂಡುತ್ತದೆ. ಹಿಗ್ಗುವ ವಸ್ತು ಯಾವುದೂ ಇಲ್ಲ, ಕಟ್ಟುವ ಗಂಟಿಲ್ಲ, ಹಲಗೆಗೆ ಮೊಳೆಯ ತೂತೂ ಇಲ್ಲ. ಸಾಧನವನ್ನು ಕೊಳ್ಳದೆ, ಕೈಯಲ್ಲಿ ಇರುವುದರಿಂದಲೇ ಬರೆಯಬೇಕೆಂದರೆ ನಾನು ಮೊದಲು ಹೇಳುವುದು ಇದನ್ನೇ.

ಚುಕ್ಕೆಗಳ ಬದಲು ಒಂದೇ ಎಳೆತದಲ್ಲಿ ಗೆರೆ ಬೇಕೆಂದವರು ಈ ಕೋಲಿಗೆ ಜಾಡು ಕೊಟ್ಟರು. ಹಲಗೆಯೊಂದರಲ್ಲಿ ಅಡ್ಡಕ್ಕೆ, ಉದ್ದಕ್ಕೆ ಎರಡು ಜಾಡು ಕೊರೆದು, ಅವುಗಳಲ್ಲಿ ಜಾರುವ ಎರಡು ತುಂಡುಗಳಿಗೆ ಕೋಲನ್ನು ಸಿಕ್ಕಿಸಿದರೆ ಪೆನ್ಸಿಲ್ ತಾನೇ ತಾನಾಗಿ ಸುತ್ತುತ್ತದೆ. ಹತ್ತನೇ ಶತಮಾನದ ಅಲ್-ಕೂಹಿ ಶಂಕುವಿನ ರೇಖೆಗಳನ್ನೆಲ್ಲ ಬರೆಯುವ ಪರಿಪೂರ್ಣ ಕೈವಾರವೊಂದನ್ನು ವಿವರಿಸಿದ್ದ. ಡಚ್ ಗಣಿತಜ್ಞ ಫ್ರಾನ್ಸ್ ಫಾನ್ ಸ್ಕೂಟನ್ 1646ರಲ್ಲಿ ಇಂತಹ ರೇಖೆಗಳನ್ನು ಬರೆಯುವ ಯಂತ್ರಗಳಿಗಾಗಿಯೇ ಒಂದು ಪುಸ್ತಕ ತಂದ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಎಂಜಿನಿಯರ್ ಜಾನ್ ಫ್ಯಾರಿ ನಕ್ಷೆಗಾರರಿಗಾಗಿ ಹಿತ್ತಾಳೆಯ ಸಣ್ಣ ಸಾಧನ ರೂಪಿಸಿದ. ಇದೇ ತತ್ತ್ವವನ್ನು ತಲೆಕೆಳಗು ಮಾಡಿದವರು ಲೇತಿನ ಕೆಲಸಗಾರರು. ಉಳಿ ನಿಂತಲ್ಲೇ ನಿಂತು, ಮರದ ತುಂಡೇ ಸುತ್ತುತ್ತ ಜಾರಿದರೆ ಅಂಡಾಕಾರದ ಚೌಕಟ್ಟನ್ನು ಲೇತಿನಲ್ಲೇ ಕಡೆಯಬಹುದು. ಹದಿನೆಂಟನೇ ಶತಮಾನದ ಯುರೋಪಿನ ಅನೇಕ ಅಂಡಾಕಾರದ ಚಿತ್ರಚೌಕಟ್ಟುಗಳು ಇಂಥ ಲೇತಿನಿಂದ ಬಂದವು.

ಇಂದು ರೂಟರ್ ಇಟ್ಟುಕೊಂಡವರು ಬಳಸುವ ದೀರ್ಘವೃತ್ತದ ಜಿಗ್ ಕೂಡ ಪ್ರೊಕ್ಲಸನ ಕೋಲೇ. ಅದಕ್ಕೂ ಒಂದು ಮಿತಿ ಇದೆ. ಜಾರುವ ತುಂಡುಗಳೆರಡರ ನಡುವಿನ ಅಂತರ ಅರ್ಧ ಉದ್ದ ಮತ್ತು ಅರ್ಧ ಅಗಲಗಳ ವ್ಯತ್ಯಾಸಕ್ಕೆ ಸಮ. ನಮ್ಮ ಮೇಜಿನಲ್ಲಿ ಅದು 4 ಇಂಚು. ಉದ್ದ 40, ಅಗಲ 38 ಇದ್ದರೆ ಆ ಅಂತರ ಒಂದೇ ಇಂಚು. ಆಗ ಒಂದು ತುಂಡು ನಡುವಿನ ಕೂಡುಜಾಗ ದಾಟುವಾಗ ಇನ್ನೊಂದಕ್ಕೆ ಬಡಿಯುತ್ತದೆ. ಆಕಾರ ವೃತ್ತಕ್ಕೆ ಹತ್ತಿರವಾದಷ್ಟೂ ಜಾಡಿನ ಟ್ರ್ಯಾಮಲ್ ಸೋಲುತ್ತದೆ, ಕಿರಿದಾದಷ್ಟೂ ದಾರ ಸೋಲುತ್ತದೆ. ಒಂದು ಸೋಲುವ ಜಾಗದಲ್ಲಿ ಇನ್ನೊಂದು ಗೆಲ್ಲುತ್ತದೆ. ಜಾಡಿನ ಸಡಿಲವೂ ಗೆರೆಯಲ್ಲಿ ಕಾಣುತ್ತದೆ. ಜಾಡಿನಲ್ಲಿ ತುಂಡು ಅಲ್ಲಾಡಿದರೆ ಅದು ದಿಕ್ಕು ಬದಲಿಸುವ ನಾಲ್ಕು ಜಾಗಗಳಲ್ಲಿ ಅಂಚು ಸಣ್ಣಗೆ ನಡುಗಿದಂತಾಗುತ್ತದೆ.

ಕಂಸಗಳನ್ನು ಕೂಡಿಸಿದ ಅಂಡಾಕಾರ

ಹದಿನಾರನೇ ಶತಮಾನದ ಯುರೋಪಿನಲ್ಲಿ ಜ್ಯಾಮಿತಿ ಪುಸ್ತಕಗಳು ಕುಶಲಕರ್ಮಿಗಳ ಭಾಷೆಯಲ್ಲಿ ಅಚ್ಚಾಗತೊಡಗಿದವು. 1525ರಲ್ಲಿ ಆಲ್ಬ್ರೆಕ್ಟ್ ಡ್ಯೂರರ್ ಜರ್ಮನ್ ಭಾಷೆಯಲ್ಲಿ ಬರೆದ ಅಳತೆಯ ಪುಸ್ತಕ ಚಿತ್ರಕಾರರಿಗೆ, ಕಲ್ಲುಕುಟಿಗರಿಗೆ, ಬಡಗಿಗಳಿಗೆ ಎಂದೇ ಬಂದದ್ದು. ಶಂಕುವನ್ನು ಓರೆಯಾಗಿ ಸೀಳಿದಾಗ ಬರುವ ಆಕಾರವನ್ನು ಅದರಲ್ಲಿ ಅವನು ಮೇಲ್ನೋಟ, ಎದುರುನೋಟ ಎರಡನ್ನೂ ಇಟ್ಟುಕೊಂಡು ಬಿಂದು ಬಿಂದುವಾಗಿ ತೆಗೆದ. ಕ್ರಮದಲ್ಲಿ ದೋಷವಿರಲಿಲ್ಲ. ಆದರೂ ಅವನ ಚಿತ್ರದಲ್ಲಿ ಆಕಾರ ಕೆಳಗೆ ದಪ್ಪ, ಮೇಲೆ ಸಣ್ಣ ಆಗಿ ಮೊಟ್ಟೆಯಂತೆ ಬಂತು. ಶಂಕು ಕೆಳಗೆ ಅಗಲವಾದದ್ದರಿಂದ ಸೀಳೂ ಕೆಳಗೆ ಅಗಲವಿರಬೇಕೆಂದು ಅವನು ನಂಬಿದ್ದ. ಬಿಂದುಗಳನ್ನು ಕೂಡಿಸುವಾಗ ಕೈ ಆ ನಂಬಿಕೆಯನ್ನು ಹಿಂಬಾಲಿಸಿತು. ನಿಜವಾದ ದೀರ್ಘವೃತ್ತದ ಎರಡು ತುದಿಗಳೂ ಒಂದೇ ಸಮ. ಡ್ಯೂರರ್‌ನಂತಹ ಕೈಗೇ ಹೀಗಾದದ್ದು ಬಿಂದು ವಿಧಾನಗಳನ್ನೆಲ್ಲ ಬಳಸುವವರು ನೆನಪಿಡಬೇಕಾದ ಸಂಗತಿ. ಬಿಂದುಗಳು ಎಷ್ಟೇ ನಿಖರವಾಗಿದ್ದರೂ ಅವುಗಳ ನಡುವಿನ ಗೆರೆ ಕೂಡಿಸುವವನ ತಿಳಿವಳಿಕೆಯಷ್ಟೇ ನಿಖರ.

ಇಪ್ಪತ್ತು ವರ್ಷಗಳ ನಂತರ, 1545ರಲ್ಲಿ, ಇಟಲಿಯ ವಾಸ್ತುಶಿಲ್ಪಿ ಸೆಬಾಸ್ಟಿಯಾನೊ ಸೆರ್ಲಿಯೊ ತನ್ನ ಜ್ಯಾಮಿತಿಯ ಪುಸ್ತಕದಲ್ಲಿ ಬೇರೆಯೇ ದಾರಿ ಹಿಡಿದ. ನಾಲ್ಕು ಕೇಂದ್ರಗಳನ್ನು ಇಟ್ಟುಕೊಂಡು, ಕೈವಾರದಿಂದ ಎರಡು ಚಿಕ್ಕ ಕಂಸ, ಎರಡು ದೊಡ್ಡ ಕಂಸ ಎಳೆದು ಕೂಡಿಸಿ ಅಂಡಾಕಾರ ಬರೆಯುವ ನಾಲ್ಕು ಬಗೆಗಳನ್ನು ಅವನು ಕೊಟ್ಟ. ಇದು ದೀರ್ಘವೃತ್ತವಲ್ಲ, ಅದರಂತೆ ಕಾಣುವ ಆಕಾರ. ಕಟ್ಟುವವರ ಲೋಕದಲ್ಲಿ ಮಾತ್ರ ಇದು ಶತಮಾನಗಳ ಕಾಲ ಮೇಲುಗೈ ಪಡೆಯಿತು. ಅದಕ್ಕೆ ಗಟ್ಟಿಯಾದ ಕಾರಣವಿದೆ.

ಒಂದು ಕಂಸಕ್ಕೆ ಸಮಾಂತರವಾಗಿ, ಅದೇ ಕೇಂದ್ರದಿಂದ ಇನ್ನೊಂದು ಕಂಸ ಎಳೆಯಬಹುದು, ಅಗಲ ಎಲ್ಲ ಕಡೆ ಒಂದೇ ಇರುತ್ತದೆ. ರೋಮಿನ ಸೇಂಟ್ ಪೀಟರ್ ಚೌಕದಲ್ಲಿ ಬರ್ನಿನಿ 1656ರಿಂದ ಕಟ್ಟಿಸಿದ ಕಂಬಸಾಲುಗಳು ಇಂತಹ ವೃತ್ತಕಂಸಗಳ ಮೇಲೆ ನಿಂತಿವೆ. ಆ ಕಂಸಗಳ ಕೇಂದ್ರಗಳನ್ನು ನೆಲದಲ್ಲಿ ಬಿಲ್ಲೆ ಹಾಕಿ ಗುರುತಿಸಲಾಗಿದೆ. ಅದರ ಮೇಲೆ ನಿಂತು ನೋಡಿದರೆ ನಾಲ್ಕು ಸಾಲು ಕಂಬಗಳು ಒಂದರ ಹಿಂದೆ ಒಂದು ಅಡಗಿ ಒಂದೇ ಸಾಲಾಗಿ ಕಾಣುತ್ತವೆ. ನಿಜವಾದ ದೀರ್ಘವೃತ್ತದಲ್ಲಿ ಹೀಗೆ ಮಾಡಲಾಗದು, ಏಕೆಂದರೆ ದೀರ್ಘವೃತ್ತಕ್ಕೆ ಸಮಾನ ಅಂತರದಲ್ಲಿ ಎಳೆದ ಗೆರೆ ಇನ್ನೊಂದು ದೀರ್ಘವೃತ್ತವಾಗುವುದಿಲ್ಲ.

ಕನ್ನಡಿಯ ಚೌಕಟ್ಟು ಮಾಡುವವರಿಗೆ ಇದು ನೇರವಾಗಿ ತಟ್ಟುವ ವಿಷಯ. ಹೊರಗೆ 40 ಇಂಚು ಉದ್ದ, 20 ಇಂಚು ಅಗಲದ ದೀರ್ಘವೃತ್ತ ಬರೆದು, 3 ಇಂಚಿನ ಅಂಚು ಬಿಡೋಣ ಎಂದು ಒಳಗೆ 34 ಇಂಚು ಉದ್ದ, 14 ಇಂಚು ಅಗಲದ ಇನ್ನೊಂದು ದೀರ್ಘವೃತ್ತ ಬರೆದರೆ ನಾಲ್ಕು ತುದಿಗಳಲ್ಲಿ ಅಂಚು 3 ಇಂಚೇ ಇರುತ್ತದೆ. ನಡುವಿನ ಭುಜಗಳಲ್ಲಿ ಅದು ಸುಮಾರು 2.8 ಇಂಚಿಗೆ ಇಳಿಯುತ್ತದೆ. ಐದು ಮಿಲಿಮೀಟರಿನಷ್ಟು ಈ ವ್ಯತ್ಯಾಸ ಪಾಲಿಶ್ ಹಾಕಿದ ಮೇಲೆ ಕಣ್ಣಿಗೆ ಬೀಳುತ್ತದೆ, ನೋಡಿದವರು ಕೆಲಸ ಕೆಟ್ಟಿದೆ ಎನ್ನುತ್ತಾರೆ. ಕೆಟ್ಟದ್ದು ಕೈಯಲ್ಲ, ಆಯ್ಕೆ. ಒಳಗಿನ ಗೆರೆಯನ್ನು ಮಾತ್ರ ದೀರ್ಘವೃತ್ತವಾಗಿ ಬರೆದು, ಹೊರಗಿನದನ್ನು ಅದರಿಂದ 3 ಇಂಚು ತ್ರಿಜ್ಯದ ಬಿಲ್ಲೆ ಉರುಳಿಸಿಯೋ, ಗುರುತುಕೋಲು ಹಿಡಿದೋ ತೆಗೆಯಬೇಕು. ಇಲ್ಲವೇ ಸೆರ್ಲಿಯೊನ ಕಂಸಗಳಿಗೆ ಹೋಗಬೇಕು.

ಕಂಸಗಳಿಗೂ ಅವುಗಳದೇ ಕುಂದು ಇದೆ. ಚಿಕ್ಕ ಕಂಸ ಮುಗಿದು ದೊಡ್ಡದು ಶುರುವಾಗುವ ಜಾಗದಲ್ಲಿ ದಿಕ್ಕು ಕೂಡುತ್ತದೆ, ಬಾಗು ಮಾತ್ರ ಒಮ್ಮೆಗೇ ನೆಗೆಯುತ್ತದೆ. ಕಟ್ಟಡದಂತಹ ದೊಡ್ಡ ಅಳತೆಯಲ್ಲಿ ಅದು ಮರೆಯಾಗಬಹುದು. ಮೇಜಿನ ಅಂಚಿನ ಮೇಲೆ ಬೆರಳು ಹಾಯಿಸಿದರೆ ಅದು ಗೊತ್ತಾಗುತ್ತದೆ. ಅಂಚಿನಲ್ಲಿ ಹೊಳೆಯುವ ಬೆಳಕು ಅಲ್ಲಿ ತಡೆದು ಮುಂದೆ ಹೋಗುತ್ತದೆ.

ಬಡಗಿಗಳೇ ಬರೆದ ಪುಸ್ತಕಗಳು

ಹದಿನೆಂಟನೇ ಶತಮಾನದ ಕೊನೆಯ ಇಂಗ್ಲೆಂಡಿನಲ್ಲಿ ದೀರ್ಘವೃತ್ತಕ್ಕೆ ದೊಡ್ಡ ಬೇಡಿಕೆ ಬಂತು. ರಾಬರ್ಟ್ ಆಡಮ್‌ನ ಒಳಾಂಗಣಗಳಲ್ಲಿ ಚಾವಣಿಯಿಂದ ಕನ್ನಡಿಯವರೆಗೆ ಅಂಡಾಕಾರ ಹರಡಿತ್ತು. ಪೀಠೋಪಕರಣದವರು ಆ ಶೈಲಿಗೆ ತಕ್ಕಂತೆ ಮೇಜು, ಕುರ್ಚಿಯ ಬೆನ್ನು, ಹೊದಿಕೆಯ ಪಟ್ಟಿಗಳನ್ನು ಮಾಡಬೇಕಾಯಿತು. ಥಾಮಸ್ ಶೆರಾಟನ್ 1791ರಿಂದ ಬಿಡಿಬಿಡಿಯಾಗಿ ಹೊರತಂದ ಪೀಠೋಪಕರಣದ ಪುಸ್ತಕ ಜ್ಯಾಮಿತಿಯ ಪಾಠದಿಂದಲೇ ಶುರುವಾಗುತ್ತದೆ. 1792ರಲ್ಲಿ ಬಂದ ಪೀಟರ್ ನಿಕಲ್ಸನ್‌ನ ಬಡಗಿಗಳ ಕೈಪಿಡಿ ಇನ್ನೂ ಆಳಕ್ಕೆ ಹೋಯಿತು. ನಿಕಲ್ಸನ್ ಕಲ್ಲುಕುಟಿಗನ ಮಗ, ಪೀಠೋಪಕರಣದ ಕೆಲಸ ಕಲಿತು ಮೇಲೆ ಬಂದವನು. ತಿರುಗುಮೆಟ್ಟಿಲಿನ ಮರದ ಕೈಪಿಡಿಗಂಬಿಯನ್ನು ಊಹೆಯಿಂದ ಕೆತ್ತದೆ ಲೆಕ್ಕ ಹಾಕಿ ಕೊಯ್ಯುವ ವಿದ್ಯೆಯನ್ನು ಅವನು ಬೆಳೆಸಿದ.

ಆ ಕೆಲಸದ ತಿರುಳು ಒಂದು ಮಾತಿನಲ್ಲಿದೆ: ಸಿಲಿಂಡರನ್ನು ಓರೆಯಾಗಿ ಕೊಯ್ದರೆ ದೀರ್ಘವೃತ್ತ. 32 ಇಂಚು ವ್ಯಾಸದ ಕಂಬವೊಂದನ್ನು ಸರಿಯಾದ ಓರೆಯಲ್ಲಿ ಕೊಯ್ದರೆ ಸಿಗುವ ಮುಖ ನಮ್ಮ 40 ಇಂಚು ಉದ್ದ, 32 ಇಂಚು ಅಗಲದ ಹಲಗೆಯೇ. ಮೆಟ್ಟಿಲು ಸುತ್ತಿ ಏರುವ ಜಾಗದಲ್ಲಿ ಕೈಪಿಡಿಗಂಬಿ ಇಂತಹ ಕಾಲ್ಪನಿಕ ಸಿಲಿಂಡರಿನ ಮೇಲೆ ಕೂರುತ್ತದೆ. ಅದನ್ನು ಕೊಯ್ಯುವ ಹಲಗೆ ಓರೆಯಾಗಿರುವುದರಿಂದ ಅಚ್ಚುಪಟ್ಟಿ ದೀರ್ಘವೃತ್ತದ ತುಂಡಾಗಬೇಕು. ಗ್ರೀಕರ ಸೀಳು ಬಡಗಿಯ ಗರಗಸಕ್ಕೆ ಹೀಗೆ ಕೆಲಸಕ್ಕೆ ಬಂತು.

ಇದೇ ಗುಣದಿಂದ ಹುಟ್ಟಿದ್ದು ನಮ್ಮ ಡಿಪ್ಲೊಮಾ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಡ್ರಾಯಿಂಗ್ ತರಗತಿಯಲ್ಲಿ ಕಲಿಯುವ ಎರಡು ವೃತ್ತಗಳ ವಿಧಾನ. ಒಂದೇ ಕೇಂದ್ರದಿಂದ 20 ಇಂಚಿನದೊಂದು, 16 ಇಂಚಿನದೊಂದು ತ್ರಿಜ್ಯದ ವೃತ್ತ ಬರೆದು, ಕೇಂದ್ರದಿಂದ ಹೊರಟ ಒಂದೊಂದು ಗೆರೆಯೂ ದೊಡ್ಡ ವೃತ್ತವನ್ನು ಮುಟ್ಟಿದಲ್ಲಿಂದ ಲಂಬ, ಚಿಕ್ಕದನ್ನು ಮುಟ್ಟಿದಲ್ಲಿಂದ ಅಡ್ಡಗೆರೆ ಎಳೆದರೆ ಅವು ಕೂಡುವ ಜಾಗವೇ ದೀರ್ಘವೃತ್ತದ ಬಿಂದು. ವೃತ್ತವನ್ನು ಒಂದು ದಿಕ್ಕಿನಲ್ಲಿ ಮಾತ್ರ ಹಿಸುಕಿದರೆ ದೀರ್ಘವೃತ್ತ ಎಂಬುದೇ ಇದರ ಹಿಂದಿನ ತಿಳಿವು. ಕಾಗದದ ಮೇಲೆ ಇದು ಅಂದವಾಗಿ ಬರುತ್ತದೆ. ಹಲಗೆಯ ಮೇಲೆ ಗೆರೆಗಳು ಜಾಸ್ತಿಯಾಗಿ ಗೊಂದಲವಾಗುತ್ತದೆ, ಒಂದೊಂದು ಲಂಬದ ತಪ್ಪೂ ಬಿಂದುವಿಗೆ ಸೇರುತ್ತದೆ. ಅದೇ ಬಿಂದುಗಳನ್ನು ಕೋಲಿನ ಗುರುತುಗಳು ಕಡಿಮೆ ಗೆರೆಯಲ್ಲಿ ಕೊಡುತ್ತವೆ.

ಅಂಚಿನ ಉದ್ದ ಎಷ್ಟು?

ಗೆರೆ ಬರೆದ ಮೇಲೆ ಇನ್ನೊಂದು ಪ್ರಶ್ನೆ ಬರುತ್ತದೆ. ಮೇಜಿನ ಅಂಚಿಗೆ ಬೀಟೆಯ ಪಟ್ಟಿ ಬಾಗಿಸಿ ಅಂಟಿಸಬೇಕು ಅನ್ನೋಣ. ಪಟ್ಟಿ ಎಷ್ಟು ಉದ್ದ ಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಿದವರ ಸಾಲಿನಲ್ಲಿ ಕನ್ನಡ ನಾಡಿನವರೊಬ್ಬರು ಬಹಳ ಮುಂದೆ ನಿಂತಿದ್ದಾರೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯರು ಒಂಬತ್ತನೇ ಶತಮಾನದ ನಡುವಿನಲ್ಲಿ ಸಂಸ್ಕೃತದಲ್ಲಿ ಬರೆದ ಗಣಿತಸಾರಸಂಗ್ರಹದಲ್ಲಿ ಆಯತವೃತ್ತ ಎಂಬ ಹೆಸರಿನಿಂದ ಈ ಆಕಾರದ ಅಳತೆ ಬರುತ್ತದೆ. 1912ರಲ್ಲಿ ಮದ್ರಾಸಿನಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ ಗ್ರಂಥ ಅಚ್ಚಾದಾಗ ಆಧುನಿಕ ಲೋಕಕ್ಕೂ ಅದು ತಿಳಿಯಿತು.

ಆಚಾರ್ಯರ ಸೂಕ್ಷ್ಮ ಸೂತ್ರ ಹೀಗಿದೆ: ಅಗಲದ ವರ್ಗವನ್ನು ಆರರಿಂದ ಗುಣಿಸಿ, ಅದಕ್ಕೆ ಉದ್ದದ ಎರಡರಷ್ಟರ ವರ್ಗವನ್ನು ಕೂಡಿಸಿ ವರ್ಗಮೂಲ ತೆಗೆದರೆ ಪರಿಧಿ. ನಮ್ಮ ಮೇಜಿಗೆ ಹಾಕಿ ನೋಡಿದರೆ 32ರ ವರ್ಗ 1024, ಆರರಷ್ಟು 6144. 80ರ ವರ್ಗ 6400. ಕೂಡಿದರೆ 12544, ಅದರ ವರ್ಗಮೂಲ ಸರಿಯಾಗಿ 112 ಇಂಚು. ನಿಜವಾದ ಪರಿಧಿ 113.45 ಇಂಚು. ನೂರಕ್ಕೆ ಒಂದೂಕಾಲಿನ ಆಸುಪಾಸು ವ್ಯತ್ಯಾಸ ಅಷ್ಟೆ. ಸಾವಿರ ವರ್ಷಕ್ಕೂ ಹಿಂದೆ, ಕಲನಶಾಸ್ತ್ರವೇ ಇಲ್ಲದ ಕಾಲದಲ್ಲಿ ಇದು ಮೆಚ್ಚಲೇಬೇಕಾದ ಸಾಧನೆ. ವಿಸ್ತೀರ್ಣಕ್ಕೆ ಅವರು ಕೊಟ್ಟ ಕ್ರಮ ಅಷ್ಟು ಸರಿಯಿಲ್ಲ. ಪರಿಧಿಯನ್ನು ಅಗಲದ ಕಾಲುಭಾಗದಿಂದ ಗುಣಿಸಿದರೆ 896 ಚದರ ಇಂಚು ಬರುತ್ತದೆ, ನಿಜವಾದ ವಿಸ್ತೀರ್ಣ 1005 ಚದರ ಇಂಚು.

ದೀರ್ಘವೃತ್ತದ ವಿಸ್ತೀರ್ಣಕ್ಕೆ ಚೊಕ್ಕ ಸೂತ್ರವಿದೆ, ಪರಿಧಿಗೆ ಅಂತಹ ಸರಳ ಸೂತ್ರ ಇಲ್ಲವೇ ಇಲ್ಲ. ಅಂದಾಜು ಸೂತ್ರಗಳಲ್ಲಿ ತುಂಬ ಹೆಸರಾದದ್ದು ಶ್ರೀನಿವಾಸ ರಾಮಾನುಜನ್ 1914ರ ತಮ್ಮ ಪ್ರಬಂಧದಲ್ಲಿ ಕೊಟ್ಟದ್ದು. ಅರ್ಧ ಉದ್ದ, ಅರ್ಧ ಅಗಲಗಳನ್ನು ಕೂಡಿ ಮೂರರಿಂದ ಗುಣಿಸಿದರೆ ನಮಗೆ 108. ಅರ್ಧ ಉದ್ದದ ಮೂರು ಪಾಲು, ಅರ್ಧ ಅಗಲದ ಒಂದು ಪಾಲು ಸೇರಿ 76; ಅರ್ಧ ಉದ್ದದ ಒಂದು ಪಾಲು, ಅರ್ಧ ಅಗಲದ ಮೂರು ಪಾಲು ಸೇರಿ 68. ಇವುಗಳ ಗುಣಲಬ್ಧದ ವರ್ಗಮೂಲ 71.89. ಅದನ್ನು 108ರಲ್ಲಿ ಕಳೆದು ಪೈನಿಂದ ಗುಣಿಸಿದರೆ 113.45. ಮರಗೆಲಸಕ್ಕೆ ಬೇಕಾದ ನಿಖರತೆಗಿಂತ ಇದು ಎಷ್ಟೋ ಮೇಲಿನದು. ಪಟ್ಟಿ ಕೊಯ್ಯುವವರು ಜೋಡಣೆಗೆಂದು ಇನ್ನೊಂದೆರಡು ಇಂಚು ಬಿಟ್ಟುಕೊಂಡರೆ ಮುಗಿಯಿತು.

ಯಂತ್ರದೊಳಗೂ ಅದೇ ಕಂಸ

ಇಪ್ಪತ್ತನೇ ಶತಮಾನದ ನಕ್ಷೆಕೋಣೆಗಳಲ್ಲಿ ಪ್ಲಾಸ್ಟಿಕ್ಕಿನ ದೀರ್ಘವೃತ್ತದ ಅಚ್ಚುಗಳು ಬಂದವು. ಆಮೇಲೆ ಕಂಪ್ಯೂಟರ್ ಬಂತು. 1960ರ ಆಸುಪಾಸಿನಲ್ಲಿ ಫ್ರಾನ್ಸಿನ ಕಾರು ಕಾರ್ಖಾನೆಗಳಲ್ಲಿ, ಸಿಟ್ರೊಯೆನ್‌ನ ಪೌಲ್ ದ ಕಾಸ್ಟಲ್‌ಜೋ ಮತ್ತು ರೆನೋದ ಪಿಯೆರ್ ಬೆಜಿಯೆ ರೂಪಿಸಿದ ವಕ್ರರೇಖೆಗಳು ಇಂದಿನ ಚಿತ್ರ ತಂತ್ರಾಂಶಗಳಲ್ಲೆಲ್ಲ ಇವೆ. ಸಾಮಾನ್ಯ ಬೆಜಿಯೆ ರೇಖೆಗೆ ನಿಖರವಾದ ದೀರ್ಘವೃತ್ತ ಬರೆಯಲಾಗದು, ಅತಿ ಹತ್ತಿರ ಬರಬಲ್ಲದು ಅಷ್ಟೆ. 20 ಇಂಚಿನ ತ್ರಿಜ್ಯಕ್ಕೆ ಅದರ ತಪ್ಪು ಇಂಚಿನ ಇನ್ನೂರನೇ ಒಂದು ಭಾಗದ ಆಸುಪಾಸು, ಮರದಲ್ಲಿ ಲೆಕ್ಕಕ್ಕೆ ಬರದಷ್ಟು.

ಸಿಎನ್‌ಸಿ ರೂಟರ್‌ನಲ್ಲಿ ಹಲಗೆ ಕೊಯ್ಯಿಸುವವರು ಗಮನಿಸಬೇಕಾದ ಸಂಗತಿ ಇನ್ನೊಂದು. ಆ ಯಂತ್ರಗಳ ಸಾಮಾನ್ಯ ಆಜ್ಞಾಭಾಷೆಯಾದ ಜಿ-ಕೋಡ್‌ನಲ್ಲಿ ನೇರ ಗೆರೆಗೆ ಆಜ್ಞೆ ಇದೆ, ವೃತ್ತಕಂಸಕ್ಕೆ ಆಜ್ಞೆ ಇದೆ, ದೀರ್ಘವೃತ್ತಕ್ಕೆ ಸಾಮಾನ್ಯವಾಗಿ ಇಲ್ಲ. ತಂತ್ರಾಂಶ ನಮ್ಮ ಆಕಾರವನ್ನು ಸಣ್ಣ ಸಣ್ಣ ಗೆರೆಗಳಾಗಿಯೋ ಕಂಸಗಳಾಗಿಯೋ ಒಡೆದು ಕೊಡುತ್ತದೆ. ಸೆರ್ಲಿಯೊ ನಾಲ್ಕು ಕಂಸಗಳಲ್ಲಿ ಮಾಡಿದ್ದನ್ನು ಯಂತ್ರ ನೂರಾರು ತುಂಡುಗಳಲ್ಲಿ ಮಾಡುತ್ತದೆ. ಎಷ್ಟು ತಪ್ಪನ್ನು ಬಿಡಬಹುದು ಎಂಬ ಅಂಕಿಯನ್ನು ತಂತ್ರಾಂಶಕ್ಕೆ ಯಾರಾದರೂ ಕೊಡಲೇಬೇಕು. ಆ ಅಂಕಿ ಒರಟಾಗಿದ್ದರೆ ಮೇಜಿನ ಅಂಚಿನಲ್ಲಿ ಸಣ್ಣ ಮಟ್ಟಗಳು ಸಾಲುಗಟ್ಟುತ್ತವೆ, ಸ್ಯಾಂಡ್‌ಪೇಪರ್ ಹಿಡಿದು ತಿಕ್ಕುವ ಕೆಲಸ ಹೆಚ್ಚುತ್ತದೆ.

ಇಂದಿನ ಬಡಗಿಗೆ ಏನು ಬೇಕು

ಹೀಗಾಗಿ ವಿಧಾನ ಯಾವುದಾದರೂ ಸರಿ, ಬಂದ ಗೆರೆಯನ್ನು ಬೇರೊಂದು ಗುಣದಿಂದ ಪರೀಕ್ಷಿಸುವ ಅಭ್ಯಾಸವೇ ನಿಖರತೆಗೆ ಭದ್ರವಾದ ದಾರಿ. ದಾರದಲ್ಲಿ ಬರೆದದ್ದನ್ನು ಅಂಕಿಯಿಂದ ನೋಡಬಹುದು. ನಮ್ಮ ಮೇಜಿನಲ್ಲಿ ಮಧ್ಯದಿಂದ ಉದ್ದಕ್ಕೆ 12 ಇಂಚು ಹೋದಾಗ ಅಂಚು ಅಕ್ಷದಿಂದ 12.8 ಇಂಚು ಎತ್ತರದಲ್ಲಿರಬೇಕು, 16 ಇಂಚು ಹೋದಾಗ 9.6 ಇಂಚು ಎತ್ತರದಲ್ಲಿರಬೇಕು. ಈ ಎರಡು ಅಳತೆ ನಾಲ್ಕೂ ಕಾಲುಭಾಗಗಳಲ್ಲಿ ಕೂಡಿದರೆ ಗೆರೆ ದಾರಿ ತಪ್ಪಿಲ್ಲ. ಕೋಲಿನಿಂದ ಬರೆದದ್ದನ್ನು ನಾಭಿಗಳಿಂದ ನೋಡಬಹುದು. ಅಂಚಿನ ಯಾವುದೇ ಬಿಂದುವಿನಿಂದ ಎರಡು ನಾಭಿಗಳಿಗೆ ಅಳೆದ ದೂರಗಳ ಮೊತ್ತ 40 ಇಂಚು ಬರಬೇಕು.

ದೊಡ್ಡ ಹಲಗೆಗೆ ಕಾಲುಭಾಗದ ಅಚ್ಚು ಮಾಡುವುದು ಬುದ್ಧಿವಂತಿಕೆ. ಆರು ಮಿಲಿಮೀಟರ್ ಪ್ಲೈವುಡ್ ಅಥವಾ ಎಂಡಿಎಫ್ ತುಂಡಿನ ಎರಡು ನೇರ ಅಂಚುಗಳನ್ನೇ ಅಕ್ಷಗಳೆಂದು ಇಟ್ಟುಕೊಂಡು, ಕೋಲಿನಿಂದ ಚುಕ್ಕೆಗಳನ್ನು ಇಟ್ಟು, ಅವುಗಳ ಮೇಲೆ ಗಂಟಿಲ್ಲದ ತೆಳು ಮರದ ಪಟ್ಟಿಯನ್ನು ಬಾಗಿಸಿ ಗೆರೆ ಎಳೆಯಬೇಕು. ಪಟ್ಟಿ ತಾನಾಗಿ ಬಾಗದ ಜಾಗದಲ್ಲಿ ಯಾವುದೋ ಚುಕ್ಕೆ ತಪ್ಪಿದೆ ಎಂದೇ ಅರ್ಥ. ಗೆರೆಯ ಹೊರಗೆ ಕೊಯ್ದು ಅರದಿಂದ ಗೆರೆಗೆ ತಂದ ಮೇಲೆ ಅದೇ ಅಚ್ಚನ್ನು ಮಗುಚಿ ಮಗುಚಿ ನಾಲ್ಕು ಕಡೆ ಬರೆದರೆ ನಾಲ್ಕೂ ಭಾಗ ಒಂದೇ ಆಗುತ್ತವೆ. ಅಚ್ಚಿನ ಅಂಚು ಎರಡೂ ಅಕ್ಷಗಳನ್ನು ಸರಿಯಾಗಿ ಲಂಬವಾಗಿ ಮುಟ್ಟಬೇಕು. ಸ್ವಲ್ಪ ವಾಲಿದ್ದರೂ ಮಗುಚಿದಾಗ ಅಲ್ಲಿ ಮೂಲೆ ಏಳುತ್ತದೆ, ಇಲ್ಲವೇ ತಗ್ಗು ಬೀಳುತ್ತದೆ. ಇಡೀ ಮೇಜು 1/16 ಇಂಚು ದೊಡ್ಡದಾದರೆ ಯಾರೂ ಗಮನಿಸುವುದಿಲ್ಲ. ಈ ನಾಲ್ಕು ಕೂಡುಜಾಗಗಳಲ್ಲಿ ಬಂದ ಸಣ್ಣ ದೋಷವನ್ನು ಎಲ್ಲರ ಕಣ್ಣೂ ಹಿಡಿಯುತ್ತದೆ.

ಮರಗೆಲಸ ಕಲಿಸುವ ಕಡೆಗಳಲ್ಲಿ ಈ ವಿಧಾನಗಳನ್ನು ಒಂದೊಂದಾಗಿ ಬರೆಸಿ ಮುಂದೆ ಹೋಗುವುದಕ್ಕಿಂತ, ಒಂದೇ ಹಲಗೆಯ ಮೇಲೆ ದಾರದಿಂದಲೂ ಕೋಲಿನಿಂದಲೂ ಕಂಸಗಳಿಂದಲೂ ಬರೆಸಿ ಮೂರು ಗೆರೆಗಳು ಎಲ್ಲಿ ಅಗಲುತ್ತವೆ, ಏಕೆ ಅಗಲುತ್ತವೆ ಎಂದು ತೋರಿಸುವುದು ಒಳಿತು. ಒಂದು ಮಧ್ಯಾಹ್ನದ ಪಾಠ ಅದು. ಅದನ್ನು ಕಲಿತವರು ಗ್ರಾಹಕ ತಂದ ಚೌಕಟ್ಟಿನ ನಕ್ಷೆಯಲ್ಲಿ ಎರಡು ದೀರ್ಘವೃತ್ತ ಕಂಡ ಕೂಡಲೇ ಅಂಚು ಸಮನಾಗಿ ಬರುವುದಿಲ್ಲ ಎಂದು ಮರ ಕೊಯ್ಯುವ ಮೊದಲೇ ಹೇಳುತ್ತಾರೆ. ಸಿಎನ್‌ಸಿಯವನಿಗೆ ಎಷ್ಟು ತಪ್ಪು ಬಿಡಬಹುದು ಎಂದು ಅಂಕಿ ಕೊಡುತ್ತಾರೆ. ಕರೆಂಟು ಇಲ್ಲದ ದಿನ ಎರಡು ಗುರುತಿನ ಪಟ್ಟಿಯಿಂದ ಅದೇ ಕೆಲಸ ಮುಗಿಸುತ್ತಾರೆ. ಎರಡು ಸಾವಿರ ವರ್ಷಗಳಲ್ಲಿ ಸಾಧನಗಳು ಬದಲಾದವು, ರೇಖೆಯ ಗುಣಗಳು ಬದಲಾಗಲಿಲ್ಲ. ಕಲಿಸಬೇಕಾದದ್ದು ಆ ಗುಣಗಳನ್ನೇ.